ಮಾತು ಮುಟ್ಟುವಷ್ಟು ಹೊತ್ತು

ನನಗೊಂದು ಕೆಟ್ಟ ಅಭ್ಯಾಸವಿದೆ. ಎದುರಿಗಿರುವವರು ಮಾತು ಮುಗಿಸಿದ ಮೇಲೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ತೆರೆಯುತ್ತೇನೆ. ಸಯನ್ ಸ್ಟೇಶನ್ನಿನ ಹೊರಗೆ ಕೂರುವ ತರಕಾರಿಯವನು "ಭಿಂಡಿ ಆಧಾ ಕಿಲೋ?" ಎಂದು ಕೇಳಿ, ನನ್ನ ಮುಖ ನೋಡಿ, ಬೇಡವೆಂದು ತಿಳಿದು ಆ ಬೆಂಡೆಕಾಯಿಯನ್ನು ಪಕ್ಕದವರ ಚೀಲಕ್ಕೆ ಸುರಿದುಬಿಟ್ಟಿರುತ್ತಾನೆ. ನೆಂಟರಲ್ಲಿ ಕೆಲವರು ನನಗೆ ಕಿವಿ ಮಂದವಾಗಿದೆ ಎಂದುಕೊಂಡಿದ್ದಾರೆ. ಇನ್ನು ಕೆಲವರು, ತೂಗಿ ಮಾತಾಡುವ ಹೆಂಗಸು ಎಂದು ಗೌರವ ಇಟ್ಟುಕೊಂಡಿದ್ದಾರೆ. ಎರಡೂ ತಪ್ಪು. ಎರಡನೆಯದನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ, ಅಷ್ಟೆ.

ಮಗಳು ಮೇಘನಾಳಿಗೆ ಮಾತ್ರ ತಾಳ್ಮೆಯಿಲ್ಲ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು; ಅವಳ ಒಂದು ವಾಕ್ಯದಲ್ಲಿ ಮೂರು ಭಾಷೆ ಇರುತ್ತದೆ. "ಅಮ್ಮಾ, ನೀನು ಬಫರ್ ಆಗ್ತಿದ್ದೀ ಕ್ಯಾ? ಕುಛ್ ತೋ ಹೇಳು!" ಎನ್ನುತ್ತಾಳೆ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಲಿಫ್ಟಿನ ಹತ್ತಿರ ಹೋಗಿರುತ್ತಾಳೆ.

ಇದು ನೌಕರಿಯಿಂದ ಅಂಟಿಕೊಂಡ ರೋಗ. ಅಂಧೇರಿಯ ಒಂದು ಸರ್ವೇ ಕಂಪನಿಯಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಬೆಟ್ಟ, ಮರುಭೂಮಿ, ಕಾಡು ಎಂದು ಎಲ್ಲೆಲ್ಲೋ ಹೋಗಿ ನೆಲ, ಬಂಡೆ, ನೀರು ಅಳೆದು ವರದಿ ಮಾಡುವುದು ಕಂಪನಿಯ ಕೆಲಸ. ಹೋಗುವವರು ಬೇರೆ, ನಾನು ಫೀಲ್ಡ್ ಡೆಸ್ಕಿನವಳು. ಅಂದರೆ ಬೆಳಿಗ್ಗೆ ಸಯನ್ನಿನಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಸೇತುವೆ ದಾಟಿ ಇನ್ನೊಂದು ಲೋಕಲ್ ಹಿಡಿದು, ಅಂಧೇರಿಯ ಎರಡನೇ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತು, ಮೈನಸ್ ಆರು ಡಿಗ್ರಿಯಲ್ಲಿ ಕೂತವರ ಯೋಗಕ್ಷೇಮ ವಿಚಾರಿಸುವುದು. ಲಡಾಖ್, ಕಛ್, ಅರುಣಾಚಲ ಎಲ್ಲ ನನಗೆ ಚೆನ್ನಾಗಿ ಗೊತ್ತು, ಯಾವುದನ್ನೂ ನೋಡಿಲ್ಲ. ನಾನು ನೋಡಿದ ಅತಿ ಎತ್ತರದ ಪರ್ವತ ಮುಂಬಯಿಯ ಪಕ್ಕದ ಮಾಥೇರಾನ್. ಅದನ್ನೂ ಆಟಿಕೆಯ ರೈಲಿನಲ್ಲಿ ಕೂತು ಹತ್ತಿದವಳು.

ಮೊಬೈಲ್ ಟವರ್ ಇಲ್ಲದ ಜಾಗದಿಂದ ಮಾತಾಡಲು ಅವರ ಬಳಿ ಒಂದು ಸ್ಯಾಟಲೈಟ್ ಟರ್ಮಿನಲ್ ಇರುತ್ತಿತ್ತು. ಹೆಸರು ದೊಡ್ಡದು, ವಸ್ತು ಸಣ್ಣದು: ಲ್ಯಾಪ್‌ಟಾಪಿಗಿಂತ ಕೊಂಚ ದಪ್ಪನೆಯ ಡಬ್ಬಿ. ಅದರ ಮುಚ್ಚಳವೇ ಆಂಟೆನಾ. ದಿಕ್ಸೂಚಿ ನೋಡಿಕೊಂಡು ಮುಚ್ಚಳವನ್ನು ಆಕಾಶದ ಒಂದು ನಿರ್ದಿಷ್ಟ ಮೂಲೆಗೆ ಮುಖ ಮಾಡಿ ಎತ್ತಬೇಕು. ಸರಿಯಾದ ಕಡೆ ತಿರುಗುತ್ತಾ ಹೋದಂತೆ ಡಬ್ಬಿ ಬೀಪ್ ಬೀಪ್ ಎನ್ನುತ್ತದೆ; ಪೂರ್ತಿ ಸರಿಯಾದಾಗ ಒಂದೇ ಸಮನೆ ಕೂಗುತ್ತದೆ. ಆಮೇಲೆ ಅದಕ್ಕೆ ತಂತಿಯಲ್ಲಿ ಜೋಡಿಸಿದ ರಿಸೀವರ್ ಎತ್ತಿ ಮಾತಾಡಬಹುದು, ಕಂಪ್ಯೂಟರ್ ಸಿಕ್ಕಿಸಿ ಮೇಲ್ ಕಳಿಸಬಹುದು, ಫೋಟೋ ಕಳಿಸಬಹುದು. ಇದನ್ನು ಇಟ್ಟುಕೊಳ್ಳಲು ಸರ್ಕಾರದ ಪರವಾನಗಿ ಬೇಕು. ಆ ಕಾಗದಪತ್ರದ ಕಟ್ಟು ಡಬ್ಬಿಗಿಂತ ಭಾರ.

ಮಾತು ಹೋಗುವ ದಾರಿ ದೂರದ್ದು. ಬೆಟ್ಟದ ಮೇಲೆ ಆಡಿದ ಮಾತು ಆಕಾಶಕ್ಕೆ ಸಾವಿರಾರು ಮೈಲಿ ಏರಿ, ಉಪಗ್ರಹವನ್ನು ಮುಟ್ಟಿ, ಮತ್ತೆ ಅಷ್ಟೇ ದೂರ ಇಳಿದು ಅಂಧೇರಿಗೆ ಬರಬೇಕು. ನನ್ನ ಉತ್ತರವೂ ಹಾಗೇ ವಾಪಸು ಹೋಗಬೇಕು. ಬೆಳಕಿನ ವೇಗವೇ ಆದರೂ ನಡುವೆ ಒಂದು ಸೆಕೆಂಡಿಗೂ ಮೀರಿದ ಮೌನ ಬೀಳುತ್ತಿತ್ತು. ಈ ಮೌನ ಗೊತ್ತಿಲ್ಲದವರು, ಎದುರಿನವರಿಗೆ ಕೇಳಿಸಲಿಲ್ಲವೆಂದು ಮತ್ತೆ ಮಾತಾಡುತ್ತಾರೆ. ಅಷ್ಟರಲ್ಲಿ ಮೊದಲ ಮಾತಿನ ಉತ್ತರ ಬಂದು ಎರಡನೇ ಮಾತಿಗೆ ಢಿಕ್ಕಿ ಹೊಡೆಯುತ್ತದೆ. ಆಮೇಲೆ ಇಬ್ಬರೂ ಒಟ್ಟಿಗೆ "ಹಾಂ, ಹೇಳಿ" ಎನ್ನುತ್ತಾರೆ, ಒಟ್ಟಿಗೆ ಸುಮ್ಮನಾಗುತ್ತಾರೆ.

ನನಗೆ ಈ ವಿದ್ಯೆ ಮೊದಲ ದಿನವೇ ಬಂದುಬಿಟ್ಟಿತು. ಕಾರಣ ಹೇಳಿದರೆ ನಗುತ್ತೀರಿ. ನಮ್ಮ ತಂದೆ ಮೈಸೂರು ಕಡೆಯಿಂದ ಸರ್ಕಾರಿ ಕಚೇರಿಯ ಕೆಲಸಕ್ಕೆ ಮುಂಬಯಿಗೆ ಬಂದವರು. ಸಯನ್ನಿನಲ್ಲಿ ಅವರಿಗೆ ಸಿಕ್ಕ ಮನೆ ರೈಲು ಹಳಿಗೆ ಎಷ್ಟು ಹತ್ತಿರವೆಂದರೆ, ಲೋಕಲ್ ಹೋಗುವಾಗ ಗೋಡೆಯ ಮೇಲಿನ ದೇವರ ಪಟಗಳು ತಾಳ ಹಾಕುತ್ತಿದ್ದವು. ರೈಲು ಬಂದಾಗ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಆದ್ದರಿಂದ ಆ ಬಿಲ್ಡಿಂಗಿನವರೆಲ್ಲ ಒಂದು ಪದ್ಧತಿ ರೂಢಿಸಿಕೊಂಡಿದ್ದರು: ಸದ್ದು ಬಂತೋ, ಮಾತು ಎಲ್ಲಿತ್ತೋ ಅಲ್ಲೇ ನಿಲ್ಲಿಸುವುದು; ರೈಲು ಹೋದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುವುದು. ಅಮ್ಮ ನನ್ನನ್ನು ಬೈಯುವಾಗಲೂ ಹಾಗೇ. "ನಿನಗೆ ಎಷ್ಟು ಸಲ ಹೇಳಬೇಕು, ಸ್ಲೇಟಿನ ಮೇಲೆ..." ಎಂದವಳು ಕೈಯೆತ್ತಿದ ಭಂಗಿಯಲ್ಲೇ ನಿಲ್ಲುವಳು. ರೈಲಿನ ಡಬ್ಬಿಗಳೆಲ್ಲ ದಾಟುವವರೆಗೆ ನಾನು ಎದುರಿಗೆ ನಿಂತಿರುವುದು. ಆಮೇಲೆ, "...ಉಗುಳಬೇಡ ಅಂತ!" ಓಡಿಹೋಗಬಹುದಾಗಿತ್ತು. ನಮ್ಮಲ್ಲಿ ಯಾರೂ ಓಡುತ್ತಿರಲಿಲ್ಲ. ಅರ್ಧ ಬೈಗುಳಕ್ಕೆ ಬೆನ್ನು ಹಾಕುವುದು ಅಮರ್ಯಾದೆ ಎನಿಸುತ್ತಿತ್ತೋ ಏನೋ.

ಹೀಗೆ ತರಬೇತಾದ ನಾನು ಕಂಪನಿಯಲ್ಲಿ ಹೊಸಬರಿಗೆ ಆ ಡಬ್ಬಿಯಲ್ಲಿ ಮಾತಾಡುವುದನ್ನು ಕಲಿಸುವವಳಾದೆ. ಒಮ್ಮೆ ಅದನ್ನು ಪರೇಲಿನ ಆಸ್ಪತ್ರೆಗೂ ಒಯ್ದಿದ್ದೆ. ನಮ್ಮ ಕಂಪನಿಯವರ ಆರೋಗ್ಯ ನೋಡುವ ಡಾಕ್ಟರ್ ಕಾಮತರು ಅಲ್ಲಿ ಕೂರುತ್ತಿದ್ದರು. ಫೀಲ್ಡಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅವರೊಂದಿಗೆ ಮಾತಾಡಿಸುವುದು ಹೇಗೆಂದು ತೋರಿಸಬೇಕಿತ್ತು. ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಎದುರಿನ ಗುಜರಾತಿ ಹೆಂಗಸು ಬಹಳ ಹೊತ್ತು ನೋಡಿ, "ಸೀರೆಯಾ? ತೆಗೆದು ತೋರಿಸಿ, ಇಷ್ಟವಾದರೆ ತೊಗೋತೀವಿ" ಎಂದು ಹಿಂದಿಯಲ್ಲಿ ಕೇಳಿದಳು. ಇದು ಆಕಾಶಕ್ಕೆ ಫೋನ್ ಮಾಡುವ ಯಂತ್ರ ಎಂದೆ. ಅವಳು ಪಕ್ಕದವಳಿಗೆ, "ತೋರಿಸೋಕೆ ಇಷ್ಟ ಇಲ್ಲ ಅಂತ ಕಾಣುತ್ತೆ" ಎಂದಳು.

ನಾನು ಕಲಿಸಿದವರೆಲ್ಲ ಕಲಿತರು, ಒಬ್ಬರನ್ನು ಬಿಟ್ಟು. ಅವರು ಪಾಟೀಲರು. ವಿಜಯಪುರದ ಕಡೆಯವರು, ಭೂವಿಜ್ಞಾನಿ, ನನಗಿಂತ ಮೂರು ನಾಲ್ಕು ವರ್ಷಕ್ಕೆ ದೊಡ್ಡವರು. ವರ್ಷದಲ್ಲಿ ಏಳು ತಿಂಗಳು ಡೇರೆಯಲ್ಲೇ ಇರುತ್ತಿದ್ದರು. ಎದುರಿನವರ ಮಾತನ್ನು ಪೂರ್ತಿ ಕೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ಈ ಡಬ್ಬಿ ಒಳಗ ಮಾತಾಡೂದಂದ್ರ ಬಾವಿಯೊಳಗ ಕಲ್ಲ ಒಗದು ಸಪ್ಪಳಕ್ಕ ಕಾದಂಗ ಆತ್ರೀ ಅಕ್ಕಾರ. ನನಗ ಆಗೂದಿಲ್ಲ" ಎನ್ನುತ್ತಿದ್ದರು. ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಫೀಲ್ಡಿನಿಂದ ಡೆಸ್ಕಿಗೆ ಕರೆ ಬರಬೇಕು, ನಾನು ಎಂಟು ಪ್ರಶ್ನೆ ಕೇಳಬೇಕು, ಉತ್ತರಗಳನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕು ಎಂಬುದು ನಿಯಮ. ಪಾಟೀಲರ ಉತ್ತರಗಳು ಯಾವಾಗಲೂ ಒಂದು ಪ್ರಶ್ನೆ ಹಿಂದೆ ಅಥವಾ ಮುಂದೆ ಬಂದು ಬೀಳುತ್ತಿದ್ದವು. ಒಮ್ಮೆ ನಾನು ಗಾಳಿ ಹೇಗಿದೆ ಎಂದು ಕೇಳಿ, ಉತ್ತರ ಬಾರದ್ದರಿಂದ ಮುಂದಿನ ಪ್ರಶ್ನೆಗೆ ಹೋಗಿ, "ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ?" ಎಂದೆ. "ಭಾಳ ಐತ್ರೀ! ಡೇರಿ ಹಾರಿಸ್ಕೊಂಡ್ ಹೋಗೂವಂಗ ಐತಿ!" ಎಂದು ಉತ್ತರ ಬಂತು. ಲಾಗಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಗೆರೆ ಎಳೆದೆ.

ಈಗ ಹೇಳಬೇಕಾದದ್ದು ಅವರ ಕೊನೆಯ ಕ್ಯಾಂಪಿನ ವಿಷಯ. ಹಿಮಾಚಲದಲ್ಲಿ, ಹಿಮನದಿ ಕರಗಿ ಅದರ ಬುಡದಲ್ಲೇ ಕಟ್ಟಿಕೊಂಡ ಒಂದು ಕೆರೆ. ಅದಕ್ಕೆ ಕಟ್ಟೆ ಎಂದರೆ ಹಿಮನದಿ ತಳ್ಳಿಕೊಂಡು ಬಂದ ಕಲ್ಲುಮಣ್ಣಿನ ರಾಶಿ. ಅದು ಒಡೆದರೆ ಕೆಳಗಿನ ಕಣಿವೆಯ ಹಳ್ಳಿಗಳಿಗೆ ಅಪಾಯ. ರಬ್ಬರ್ ದೋಣಿಯಲ್ಲಿ ಹೋಗಿ ಇಪ್ಪತ್ತಾರು ಕಡೆ ಕೆರೆಯ ಆಳ ನೋಡಬೇಕಿತ್ತು. ಆರು ಜನರ ತಂಡ. ಪಾಟೀಲರು ಮುಖ್ಯಸ್ಥರು, ಅವರ ಕೆಳಗೆ ರತ್ನಾಗಿರಿಯ ಸಾವಂತ್, ನಲವತ್ತರ ಆಸುಪಾಸಿನ ಗಟ್ಟಿ ಮನುಷ್ಯ, ಪಾಟೀಲರ ಮಾತೆಂದರೆ ಅವನಿಗೆ ವೇದ. ಮುಂದಿನ ಬೇಸಿಗೆಗೆ ಪಾಟೀಲರಿಗೆ ನಿವೃತ್ತಿ. ಆ ಕೆರೆಯ ವರದಿ ಅವರ ಹೆಸರಿನಲ್ಲಿ ಹೊರಡುವ ಕೊನೆಯ ವರದಿ.

ಕ್ಯಾಂಪಿನ ದಕ್ಷಿಣಕ್ಕೆ ಬೆಟ್ಟ ಅಡ್ಡವಿದ್ದುದರಿಂದ ಅಲ್ಲಿ ಡಬ್ಬಿಗೆ ಉಪಗ್ರಹ ಸಿಗುತ್ತಿರಲಿಲ್ಲ. ಹತ್ತು ನಿಮಿಷ ಏರಿ ಒಂದು ದಿಣ್ಣೆಯ ಮೇಲೆ ಹೋಗಿ ಮಾತಾಡಬೇಕಿತ್ತು. ಎಂಟು ದಿನ ಪಾಟೀಲರು ಹಾಗೆ ಏರಿ ಬಂದು, ಎಂಟು ದಿನವೂ ನನ್ನ ಪ್ರಶ್ನೆಗಳ ಮೇಲೆ ಬಿದ್ದು ಉತ್ತರ ಹೇಳಿದರು.

ಒಂಬತ್ತನೆಯ ದಿನ ಮೂರು ಗಂಟೆಗೆ ಫೋನ್ ಬಂತು. "ಎಷ್ಟು ಜನ ಇದ್ದೀರಿ, ಪಾಟೀಲರೇ?" ಎಂದು ಕೇಳಿ ಕಾದೆ.

"ಆರು" ಎಂದರು.

"ಹವಾಮಾನ?"

ಮೌನ. ಆಮೇಲೆ, "ಛಲೋ ಐತಿ."

"ಬ್ಯಾಟರಿ?"

ಮೌನ. "ಐತಿ."

ಒಂದೂ ಢಿಕ್ಕಿಯಿಲ್ಲ. ಅಂತೂ ನಿವೃತ್ತಿಯ ಹೊತ್ತಿಗಾದರೂ ಕಲಿತರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆ ನಾಲ್ಕನೆಯ ಪ್ರಶ್ನೆಯವರೆಗೆ ಇತ್ತು. ಇಷ್ಟು ತಾಳ್ಮೆ ಅವರದಲ್ಲವೆಂದು ಅನುಮಾನವಾಗಿ, ಐದನೆಯ ಪ್ರಶ್ನೆಗೆ ನಾನು ಬೇಕೆಂದೇ ತಪ್ಪು ಮಾಡಿದೆ. ನಿನ್ನೆಯ ರೀಡಿಂಗುಗಳಲ್ಲಿ ಒಂದನ್ನು ಉಲ್ಟಾ ಓದಿ, "ಹೀಗೆ ಬರೆದುಕೊಂಡಿದ್ದೇನೆ, ಸರಿಯೇ?" ಎಂದೆ. ಯಾರಾದರೂ ಅವರ ರೀಡಿಂಗ್ ತಪ್ಪಾಗಿ ಓದಿದರೆ ಪಾಟೀಲರು ಗುಡುಗುವವರು. ಅವತ್ತು, "ಹೂಂ" ಎಂದರು. ಆ "ಹೂಂ" ಹಿಂದೆ ಕಾಗದ ಉಜ್ಜಿದಂಥ ಸದ್ದು ಕೇಳಿತು. ಕೆಮ್ಮಿದರು. ಕೆಮ್ಮು ಬೇಗ ನಿಲ್ಲಲಿಲ್ಲ.

"ಹುಷಾರಿಲ್ಲವಾ?"

"ಏರಿ ಬಂದೀನಲ್ರೀ... ಅದಕ್ಕ."

ಏರಿ ಅವರು ಎಂಟು ದಿನದಿಂದ ಬರುತ್ತಿದ್ದರು. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರ ಕ್ಯಾಂಪಿನಲ್ಲಿತ್ತು. ಅದು ಎಷ್ಟು ತೋರಿಸಿತು ಎಂದೆ. "ಬೆರಳ ತಣ್ಣಗಿದ್ರ... ಅದು ಸುಳ್ಳ ಹೇಳ್ತೈತಿ" ಎಂದರು. ಅಂದರೆ ಅದು ಏನೋ ಹೇಳಿತ್ತು, ಅವರು ಒಪ್ಪಿರಲಿಲ್ಲ. ಫೋನ್ ಸಾವಂತನಿಗೆ ಕೊಡಿ ಎಂದರೆ, "ಅಂವಗೇನ್ ಕೇಳ್ತೀರಿ" ಎಂದು ಕೊಡಲಿಲ್ಲ.

"ಒಂದು ನಿಮಿಷ ಲೈನಿನಲ್ಲಿರಿ" ಎಂದು ಹೇಳಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಡಾಕ್ಟರ್ ಕಾಮತರಿಗೆ ಫೋನ್ ಮಾಡಿದೆ. ಅವರು ಕುಮಟಾ ಕಡೆಯವರು, ಎಷ್ಟೇ ರೋಗಿಗಳಿದ್ದರೂ ಸ್ವರ ಏರಿಸುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, "ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ಸೇರ್‍ತದೆ ಅಮ್ಮ. ಅದೇ ಇರಬಹುದು. ಹದಿನೈದು ನಿಮಿಷ ಅವರನ್ನು ಸುಮ್ಮನೆ ಕೂರಿಸಿ. ಆಮೇಲೆ ಒಂದೇ ಉಸಿರಿನಲ್ಲಿ ಒಂದರಿಂದ ಮೂವತ್ತು ಎಣಿಸ್ಲಿಕ್ಕೆ ಹೇಳಿ. ಹತ್ತು ದಾಟದಿದ್ರೆ ಇವತ್ತೇ ಇಳಿಸಬೇಕು. ನಾಳೆ ಅಂತ ಹೇಳುವ ಹಾಗಿಲ್ಲ, ಗೊತ್ತಾಯ್ತಲ್ಲ?" ಎಂದರು.

ಡಾಕ್ಟರು ಹೇಳಿದ್ದಾರೆ, ಎಣಿಸಿ ಎಂದರೆ ಪಾಟೀಲರು ರಿಸೀವರ್ ಇಟ್ಟುಬಿಡುತ್ತಾರೆಂದು ನನಗೆ ಖಾತ್ರಿಯಿತ್ತು. ಹಾಗಾಗಿ ಸುಳ್ಳು ಹೇಳಿದೆ. "ಪಾಟೀಲರೇ, ಟರ್ಮಿನಲ್ಲಿನ ವಾಯ್ಸ್ ಪರೀಕ್ಷೆ ಮಾಡಬೇಕಂತೆ. ಹದಿನೈದು ನಿಮಿಷ ಯಂತ್ರದ ಹತ್ತಿರವೇ ಅಲುಗಾಡದೆ ಕೂತಿರಿ. ಆಮೇಲೆ ನಡುವೆ ಉಸಿರು ಬಿಡದ ಹಾಗೆ ಮೂವತ್ತರ ತನಕ ಎಣಿಸಬೇಕು. ಧ್ವನಿ ತುಂಡಾದರೆ ಪರೀಕ್ಷೆ ಕೆಡುತ್ತೆ."

ಯಂತ್ರಗಳ ವಿಷಯದಲ್ಲಿ ಅವರಿಗಿದ್ದ ತಾತ್ಸಾರವೇ ನನಗೆ ನೆರವಾಯಿತು ಎಂದುಕೊಂಡೆ. "ಎಂಥೆಂಥಾ ಹುಚ್ಚ..." ಎಂದು ಗೊಣಗಿದರು, ಆದರೆ ಕೂತರು. ಆ ಹದಿನೈದು ನಿಮಿಷ ನಾನು ಗಡಿಯಾರ ನೋಡುತ್ತಾ ಕೂತೆ. ನಮ್ಮ ಆಫೀಸಿನ ಮೇಲೆ ವಿಮಾನಗಳು ಕೆಳಗೆ ಹಾರುತ್ತವೆ. ಮೂರು ವಿಮಾನ ಇಳಿದವು. ಆಮೇಲೆ ಅವರು ಶುರುಮಾಡಿದರು.

"ಒಂದು, ಎರಡು, ಮೂರು..."

ನಾನು ಲಾಗಿನಲ್ಲಿ ಒಂದೊಂದಕ್ಕೂ ಒಂದು ಕಡ್ಡಿ ಎಳೆಯುತ್ತಾ ಹೋದೆ. "ಒಂಬತ್ತು" ಎಂದು ನಿಂತರು. ಆಮೇಲೆ ಉಸಿರು ಎಳೆದುಕೊಂಡ ಸದ್ದು. ನಾನು ಒಂಬತ್ತು ಎಂದು ಬರೆದು ಸುತ್ತಲೂ ಗೆರೆ ಹಾಕಿದೆ.

ಅವರನ್ನು ಇಳಿಸುವ ಅಧಿಕಾರ ನನಗಿರಲಿಲ್ಲ. ಕ್ಯಾಂಪಿನಲ್ಲಿ ಪಾಟೀಲರದೇ ಕೊನೆಯ ಮಾತು. ಅವರ ಮೇಲೆ ಇದ್ದದ್ದು ಡೈರೆಕ್ಟರ್ ಒಬ್ಬರೇ. ಅವರು ಆ ಹೊತ್ತಿಗೆ ದಿಲ್ಲಿಯ ವಿಮಾನದಲ್ಲಿದ್ದರು, ಫೋನ್ ಬಂದ್. ಇಳಿಯಲು ಮೂರು ಗಂಟೆ ಬೇಕು, ಬೆಳಕು ಉಳಿದಿದ್ದದ್ದೂ ಸುಮಾರು ಅಷ್ಟೇ. ನಾನು ಎರಡನೆಯ ಸುಳ್ಳು ಹೇಳಿದೆ. "ಸಾಹೇಬರ ಆರ್ಡರ್ ಆಗಿದೆ. ಎಲ್ಲರೂ ಈಗಲೇ ಕ್ಯಾಂಪ್ ಬಿಟ್ಟು ಇಳಿಯಬೇಕಂತೆ."

ಅವರ ಮಾತು ತುಂಡುತುಂಡಾಗಿ ಬಂತು. "ಮೂರ ಪಾಯಿಂಟ್ ಉಳದಾವ್ರೀ ಅಕ್ಕಾರ. ಕಟ್ಟಿ ಬುಡದ್ದು. ಅವs ಮುಖ್ಯ. ನಾಳೆ ಮಧ್ಯಾಹ್ನದಾಗ... ಮುಗಸ್ತೀನಿ."

"ಆರ್ಡರ್ ಇವತ್ತಿನದು."

"ಸಾಹೇಬ್ರಿಗೆ ಹೇಳ್ರಿ. ಪಾಟೀಲ... ಹಂಗ ಬಿಟ್ಟು ಬರೂದಿಲ್ಲಂತ."

"ಬರಹದಲ್ಲಿ ಕಳಿಸುತ್ತೇನೆ" ಎಂದೆ. ಹೇಳಿದ ಮೇಲೆ ಬರೆಯಲೇಬೇಕಾಯಿತು. ಫೀಲ್ಡ್ ಡೆಸ್ಕಿನ ಮೇಲ್‌ನಿಂದ, ಡೈರೆಕ್ಟರ್ ಅವರ ಸೂಚನೆಯಂತೆ ತಂಡ ಕೂಡಲೇ ಕೆಳಗಿಳಿಯತಕ್ಕದ್ದು, ಪಾಟೀಲರನ್ನು ಆಸ್ಪತ್ರೆಗೆ ಸೇರಿಸತಕ್ಕದ್ದು ಎಂದು ನಾಲ್ಕು ಸಾಲು ಬರೆದೆ. "ಕೂಡಲೇ" ಎಂಬುದರ ಇಂಗ್ಲಿಷ್ ಪದವನ್ನು ಎರಡು ಸಲ ತಪ್ಪಾಗಿ ಒತ್ತಿದೆ. ಕಳಿಸಿದೆ. ಅದು ಆಕಾಶಕ್ಕೆ ಹೋಗಿ ಬೆಟ್ಟಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಸಾವಂತನ ಧ್ವನಿ ಬಂತು. ಮೇಲ್ ಓದಿದ್ದ.

"ಮ್ಯಾಡಮ್, ಖರಂಚ್ ಸಾಹೇಬಾಂನಿ ಸಾಂಗಿತಲಂ ಕಾ?" ನಿಜವಾಗಿಯೂ ಸಾಹೇಬರೇ ಹೇಳಿದರಾ ಎಂದು ಕೇಳುತ್ತಿದ್ದ.

ನಾನು ತಡವರಿಸಿದೆ. ಆಮೇಲೆ "ಹೋ" ಎಂದೆ, ಹೌದೆಂದು. ಆ ತಡವರಿಕೆ ಅವನಿಗೆ ಗೊತ್ತಾಗಲಿಲ್ಲ. ಅದು ಉಪಗ್ರಹದ ಖಾತೆಗೆ ಹೋಯಿತು.

ಪಾಟೀಲರು ಏನು ಬೈದರೋ ನನಗೆ ತಿಳಿಯದು. ಅಷ್ಟರಲ್ಲಿ ಲೈನ್ ಕಡಿದಿತ್ತು. ಮುಂದಿನ ಮೂರು ಗಂಟೆ ನಾನು ಏನು ಮಾಡಿದೆನೆಂದು ಕೇಳಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪೆನ್ಸಿಲ್‌ಗಳನ್ನು ಹೆರೆದೆ. ಸ್ಟೇಶನರಿ ಬೀರು ಜೋಡಿಸಿದೆ. ಆರೂವರೆಗೆ ರಸ್ತೆ ಸೇರಿದ್ದೇವೆಂದು ಸಾವಂತ್ ಫೋನ್ ಮಾಡಿದ. ಕೊನೆಯ ಒಂದು ಗಂಟೆ ಪಾಟೀಲರನ್ನು ಕುದುರೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ಜೀಪಿನಲ್ಲಿದ್ದ ಆಕ್ಸಿಜನ್ ಹಚ್ಚಿದ್ದರು. ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರ್ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, "ಇವತ್ತು ಮೇಲೇ ಉಳಿದಿದ್ದರೆ" ಎಂದಷ್ಟೇ ಹೇಳಿ ಮಾತು ನಿಲ್ಲಿಸಿದರಂತೆ.

ಪಾಟೀಲರು ಉಳಿದರು. ಹತ್ತು ದಿನದ ಮೇಲೆ ಮುಂಬಯಿಗೆ ಬಂದರು. ಅದಕ್ಕೂ ಮುಂಚೆ ಡೈರೆಕ್ಟರ್ ನನ್ನನ್ನು ಕರೆಸಿದರು. ಮಿತಭಾಷಿ ಮನುಷ್ಯ. "ವತ್ಸಲಾಜೀ, ನಾನು ವಿಮಾನದಲ್ಲಿ ಕೂತು ಈ ಆರ್ಡರ್ ಹೇಗೆ ಕೊಟ್ಟೆ, ಸ್ವಲ್ಪ ಹೇಳಿ" ಎಂದು ಹಿಂದಿಯಲ್ಲಿ ಕೇಳಿದರು. ಹೇಳಿದೆ. ಮರುದಿನ ಒಂದು ಪತ್ರ ಬಂತು. ಮೊದಲ ಪ್ಯಾರಾದಲ್ಲಿ, ಮೇಲಧಿಕಾರಿಯ ಹೆಸರನ್ನು ದುರುಪಯೋಗ ಮಾಡಿದ್ದಕ್ಕೆ ಎಚ್ಚರಿಕೆ. ಎರಡನೆಯ ಪ್ಯಾರಾದಲ್ಲಿ, ಇನ್ನು ಮುಂದೆ ಡಾಕ್ಟರರ ಸಲಹೆಯಿದ್ದರೆ ಫೀಲ್ಡ್ ಡೆಸ್ಕೇ ಕ್ಯಾಂಪ್ ಇಳಿಸುವ ಆದೇಶ ಕೊಡಬಹುದು ಎಂಬ ಹೊಸ ನಿಯಮ. ಎರಡೂ ಪ್ಯಾರಾಗಳಿಗೆ ಒಂದೇ ಸಹಿ. ಮಗಳಿಗೆ ತೋರಿಸಿದರೆ, "ಇದು ಡಾಂಟ್ ಹೈ ಯಾ ಪ್ರಮೋಶನ್?" ಎಂದಳು. ಬೈಗುಳವೋ ಬಡ್ತಿಯೋ ಎಂದು.

ಎತ್ತರದ ಜಾಗಗಳಿಗೆ ಪಾಟೀಲರು ಇನ್ನು ಹೋಗಬಾರದೆಂದು ಕಾಮತರು ಬರೆದುಕೊಟ್ಟರು. ನಿವೃತ್ತಿಯವರೆಗೆ ಆಫೀಸಿನಲ್ಲೇ ಇರಲಿ ಎಂದು, ನನ್ನ ಎದುರಿನ ಮೇಜನ್ನು ಅವರಿಗೆ ಕೊಟ್ಟರು. ಇಷ್ಟು ವರ್ಷ ದೂರದಿಂದ ಕೇಳುತ್ತಿದ್ದ ಆ ಧ್ವನಿ ಈಗ ನಾಲ್ಕು ಅಡಿಯಾಚೆ ಇತ್ತು. ಆದರೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಕೆರೆಯ ವರದಿ ಇಪ್ಪತ್ತಮೂರು ಅಂಕಿಗಳೊಂದಿಗೆ ಹೊರಟಿತು. ಕಟ್ಟೆಯ ಬುಡದ ಮೂರು ಜಾಗಗಳ ಎದುರಿಗೆ "ಮಾಹಿತಿ ಇಲ್ಲ" ಎಂದಿತ್ತು. ಆ ಪುಟಕ್ಕೆ ಸಹಿ ಹಾಕುವಾಗ ಅವರು ಪೆನ್ನು ಹಿಡಿದು ಕೂತದ್ದನ್ನು ನಾನು ನೋಡಿದೆ. ಮಧ್ಯಾಹ್ನ ಕಿಟಕಿಗೆ ಮುಖ ಮಾಡಿ ಜೋಳದ ರೊಟ್ಟಿ ತಿನ್ನುತ್ತಿದ್ದರು. ಜೀವ ಉಳಿಸಿದವರ ಬಗ್ಗೆ ಜನ ಕೃತಜ್ಞರಾಗಿರುತ್ತಾರೆ ಎಂದು ನಾನೂ ಎಲ್ಲೋ ಓದಿದ್ದೆ. ಬರೆದವರು ಎದುರುಬದುರು ಮೇಜಿನಲ್ಲಿ ಕೂತು ಬರೆದಿರಲಿಕ್ಕಿಲ್ಲ.

ನಾನೂ ಮಾತಾಡಿಸಲು ಹೋಗಲಿಲ್ಲ. ನನಗೂ ಹಟ ಇದೆ. ತಿಂಗಳುಗಳು ಹಾಗೇ ಹೋದವು. ನಿವೃತ್ತಿಯ ದಿನ ಬಂದಾಗ ಕಂಪನಿಯವರು, ಇನ್ನೊಂದು ವರ್ಷ ಸಲಹೆಗಾರರಾಗಿ ಇರಿ ಎಂದರು. ಅವರು ಒಪ್ಪಿದರು. ಕಾರಣ ಎಲ್ಲರಿಗೂ ಗೊತ್ತಿತ್ತು: ಉಳಿದ ಮೂರು ಜಾಗಗಳನ್ನು ಅಳೆಯಲು ಆ ವರ್ಷ ಸಾವಂತ್ ಮತ್ತೆ ಅದೇ ಕೆರೆಗೆ ಹೊರಟಿದ್ದ. ಹೊರಡುವ ಮುಂಚೆ ಒಂದು ವಾರ ಪಾಟೀಲರು ಅವನನ್ನು ನಕ್ಷೆಯ ಮುಂದೆ ಕೂರಿಸಿಕೊಂಡು ಎಲ್ಲಿ ಕಲ್ಲು ಜಾರುತ್ತದೆ, ಎಷ್ಟು ಗಂಟೆಗೆ ಗಾಳಿ ಏಳುತ್ತದೆ, ದೋಣಿಯನ್ನು ಎಲ್ಲಿ ಕಟ್ಟಬೇಕು ಎಂದು ಹೇಳಿಕೊಟ್ಟರು. ಮರಾಠಿಯಲ್ಲೇ ಹೇಳುತ್ತಿದ್ದರು, ಸಿಟ್ಟೋ ಅವಸರವೋ ಬಂದಾಗ ಮಾತ್ರ ಕನ್ನಡ.

ಸಾವಂತ್ ಮೇಲೆ ಹೋದ ಐದನೆಯ ದಿನ ಮೂರು ಗಂಟೆಗೆ ಫೋನ್ ಹೊಡೆದುಕೊಂಡಿತು. ನಾನು ಕೈ ಚಾಚುವ ಮೊದಲೇ ಪಾಟೀಲರು ಎದ್ದು ಬಂದು ರಿಸೀವರ್ ಎತ್ತಿದರು. ಸ್ಪೀಕರಿನಲ್ಲಿ ಸಾವಂತನ ಧ್ವನಿ ಕೇಳುತ್ತಿತ್ತು.

"ಸಾವಂತ್! ಅಳದ್ಯಾ? ಎಷ್ಟ್ ಬಂತು? ಹಲೋ? ಹಲೋ? ಸಾವಂತ್!"

ಅವನ ಉತ್ತರ ಬಂದದ್ದು ಇವರ ಮೂರನೇ ಹಲೋದ ಅಡಿಯಲ್ಲಿ ಸಿಕ್ಕಿ ನುಚ್ಚುನೂರಾಯಿತು. ನಾನು ಅಂಗೈ ಎತ್ತಿ ತೋರಿಸಿದೆ: ನಿಲ್ಲಿ. ಅವರು ನನ್ನ ಕೈ ನೋಡಿದರು. ಬಾಯಿ ಮುಚ್ಚಿದರು. ನಾನು ಕೈ ಇಳಿಸಲಿಲ್ಲ. ಬೆಟ್ಟದಿಂದ ಮೊದಲ ಅಂಕಿ ಬಂತು. ಅವರು ಬರೆದುಕೊಂಡರು. ಎರಡನೆಯದು ಬಂತು. ಮೂರನೆಯದನ್ನು ಹೇಳಿಸಿಕೊಂಡು, ಮತ್ತೊಮ್ಮೆ ಹೇಳಿಸಿಕೊಂಡರು. ಕಟ್ಟೆಯ ಬುಡದಲ್ಲಿ ನೀರು ಅವರು ಅಂದಾಜು ಮಾಡಿದ್ದಕ್ಕಿಂತ ಕಡಿಮೆ ಆಳವಿತ್ತು. ಅದು ಕೆಳಗಿನ ಹಳ್ಳಿಯವರಿಗೆ ಒಳ್ಳೆಯ ಸುದ್ದಿ. "ನನ್ನ ಅಂದಾಜ ತಪ್ಪಿತ್ತು" ಎಂದು ಅವರು ತಮಗೇ ಹೇಳಿಕೊಂಡರು. ಬೇಸರವಿದ್ದಂತೆ ಕಾಣಲಿಲ್ಲ.

ಆಮೇಲೆ ರಿಸೀವರಿಗೆ, ಒಂದರಿಂದ ಮೂವತ್ತರ ತನಕ ಒಂದೇ ಉಸಿರಿನಲ್ಲಿ ಎಣಿಸು ಎಂದು ಮರಾಠಿಯಲ್ಲಿ ಹೇಳಿದರು.

"ಕಾಕಾ, ಮೀ ಠೀಕ್ ಆಹೇ" ಎಂದ ಸಾವಂತ್. ನಾನು ಆರಾಮಾಗಿದ್ದೇನೆ ಎಂದು.

"ಮೋಜ್ ಮ್ಹಟಲಂ ನಾ!" ಎಣಿಸು ಎಂದೆನಲ್ಲ.

ಅವನು ಎಣಿಸಿದ. ಮೂವತ್ತು ಮುಟ್ಟಿ, ಅಲ್ಲಿಗೂ ನಿಲ್ಲದೆ ಮೂವತ್ತಮೂರಕ್ಕೆ ಹೋಗಿ ನಕ್ಕ. ಪಾಟೀಲರು ರಿಸೀವರ್ ಇಟ್ಟರು. ತಮ್ಮ ಕುರ್ಚಿಗೆ ಹೋಗಲಿಲ್ಲ, ನನ್ನ ಮೇಜಿನ ಪಕ್ಕದಲ್ಲೇ ನಿಂತರು.

"ಕಳದ ವರ್ಷದ ಲಾಗ್ ಐತೇನ್ರೀ?"

ಬೀರುವಿನಿಂದ ತೆಗೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುವಿ, ಒಂಬತ್ತು ಕಡ್ಡಿಗಳನ್ನೂ ಸುತ್ತ ಗೆರೆ ಹಾಕಿದ ಅಂಕಿಯನ್ನೂ ಹುಡುಕಿ, ಅದರ ಮೇಲೆ ಬೆರಳಿಟ್ಟರು.

"ಈ ರೀಡಿಂಗ್ ತಪ್ಪೈತಿ."

"ನಾನೇ ಎಣಿಸಿದ್ದು. ಒಂಬತ್ತೇ" ಎಂದೆ.

"ಒಂಬತ್ತಲ್ರೀ. ಐದಕ್ಕs ಉಸರ ಮುಗದಿತ್ತು. ರಿಸೀವರ್ ಮ್ಯಾಲ ಕೈ ಇಟ್ಟು ಒಂದ್ ಸಲ ಎಳಕೊಂಡೆ. ಆಮ್ಯಾಲ ಮುಂದ ಹೋದೆ. ಹ್ಯಾಂಗಾರ ಮಾಡಿ ಹತ್ತು ದಾಟಸಬೇಕಂತ ಇತ್ತು. ಆಗಲಿಲ್ಲ."

"ಹತ್ತು ದಾಟಬೇಕೆಂದು ನಿಮಗೆ ಹೇಗೆ ಗೊತ್ತು?"

"ಮೂವತ್ತ ವರ್ಷ ಗುಡ್ಡದಾಗ ತೆಗದೀನ್ರೀ. ಎಷ್ಟ್ ಮಂದೀಗೆ ನಾನs ಎಣಿಸಾಕ ಹಚ್ಚಿಲ್ಲ? ಮಷೀನ್ ಪರೀಕ್ಷಾ ಅಂದ್ರ ನಂಬಾಕ ನಾ ಏನ್ ಕೂಸೇನು?"

"ಮತ್ತೆ ಯಾಕೆ ಎಣಿಸಿದಿರಿ? ಆಗೋದಿಲ್ಲ ಅನ್ನಬಹುದಿತ್ತಲ್ಲ."

ಅವರು ಕಿಟಕಿಯ ಕಡೆ ನೋಡಿದರು. "ಸಾವಂತ್ ಬಾಜೂಕ ನಿಂತಿದ್ದ. ನನ್ನ ಮಾರಿ ನೋಡ್ಕೋಂತ. ಅಂವಗ ಹೆದರಿಕಿ ಆಗಿತ್ತು. ಇಳಿಯೂಣು ಅಂತ ನಾ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಎಣಿಸಾಕರ ಬಂತು. ಒಂದ್ ಮನಸ್ಸಿಗೆ, ಅದರಾಗ ನಿಮಗ ತಿಳದೀತು ಅಂತನೂ ಇತ್ತು."

ಫೀಲ್ಡಿನ ಲಾಗಿನಲ್ಲಿ ತಪ್ಪನ್ನು ತಿದ್ದಲು ಒಂದು ಕ್ರಮವಿದೆ. ಅಳಿಸಬಾರದು, ಮೇಲೆ ಬರೆಯಬಾರದು. ಹಳೆಯ ಅಂಕಿ ಓದಲು ಬರುವಂತೆ ಅದರ ಮೇಲೆ ಒಂದೇ ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ರೀಡಿಂಗ್ ಕೊಟ್ಟವರ ಸಹಿ ಹಾಕಿಸಬೇಕು. ಪಾಟೀಲರೇ ಹೊಸಬರಿಗೆಲ್ಲ ಇದನ್ನು ಕಲಿಸುತ್ತಿದ್ದವರು. ನಾನು ಒಂಬತ್ತರ ಮೇಲೆ ಗೆರೆ ಎಳೆದು ಐದು ಎಂದು ಬರೆದೆ. ಪುಸ್ತಕ ಅವರ ಕಡೆ ತಿರುಗಿಸಿದೆ. ಅವರು ಆ ಐದನ್ನು ಸ್ವಲ್ಪ ಹೊತ್ತು ನೋಡಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಆಮೇಲೆ ಗಡಿಯಾರ ನೋಡಿ, ಕೆಳಗೆ ವೇಳೆಯನ್ನೂ ಬರೆದರು.